ಹಿರೇಬಯಲಿನ ಸಾಸಿವೆಯೂ ಕಣ್ಣಿಗೆ ಕಾಣದ ಕರಿಹುಳವೂ

ಬನ್ನಿ, ಹತ್ತಿರ ಬನ್ನಿ. ಹಿಂದೆ ಕೂತವರಿಗೆ ಕೇಳಿಸಲಿಲ್ಲ ಅಂದರೆ ನಾನು ಮತ್ತೆ ಹೇಳುವವನಲ್ಲ.

ಒಂದು ಸೀಮೆಗೆ ಕಲ್ಲರಸ ಅಂತ ಒಬ್ಬ ರಾಜ ಇದ್ದ. ಒಳ್ಳೆಯವನೇ, ಆದರೆ ದೂರದವನು. ಅರಮನೆ ಗುಡ್ಡದ ಮೇಲೆ, ಜನ ಗುಡ್ಡದ ಕೆಳಗೆ. ಕೆಳಗೆ ಆದದ್ದು ಮೇಲೆ ಗೊತ್ತಾಗಬೇಕಾದರೆ ಯಾರಾದರೂ ಹತ್ತಿ ಹೋಗಿ ಹೇಳಬೇಕು. ಹೋದವನು ನಿಜ ಹೇಳಿದರೆ ರಾಜನಿಗೆ ನಿಜ ಗೊತ್ತು. ಸುಳ್ಳು ಹೇಳಿದರೆ ಸುಳ್ಳೇ ಗೊತ್ತು.

ಆ ಸೀಮೆಯ ಹೊಳೆದಂಡೆಗೆ ಒಂದು ಹಳ್ಳಿ ಇತ್ತು. ಒಂದು ಮಳೆಗಾಲ ಹೊಳೆ ತನ್ನ ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿಯಿತು. ಮನೆ ಹೋಯಿತು, ಹೊಲ ಹೋಯಿತು, ಕೊಟ್ಟಿಗೆ ಹೋಯಿತು. ಜನ ಉಳಿದರು. ಉಳಿದವರು ಗುಡ್ಡ ಹತ್ತಿ ರಾಜನ ಮುಂದೆ ಕೈಮುಗಿದು ನಿಂತರು. ರಾಜನಿಗೆ ಕರುಳು ಚುರ್ ಅಂದಿತು. ಅರಮನೆಯ ಕುದುರೆಗಳು ಮೇಯುತ್ತಿದ್ದ ಹಿರೇಬಯಲನ್ನು ಅವರಿಗೆ ತೋರಿಸಿದ. ಸಂಕ್ರಾಂತಿಯ ಹೊತ್ತಿಗೆ ಬಯಲಲ್ಲಿ ಬೆಳೆ ನಿಂತಿದ್ದರೆ ಬಯಲು ನಿಮ್ಮದು, ನಿಲ್ಲದಿದ್ದರೆ ಅದು ಮತ್ತೆ ಕುದುರೆಗಳದ್ದು ಎಂದ.

ಆ ಹಳ್ಳಿಗೆ ಹಿರಿಯ ಸಣ್ಣೀರಪ್ಪ. ಹಿರಿಯ ಅಂದರೆ ವಯಸ್ಸಿನಲ್ಲಿ ಅಲ್ಲ. ಅವನ ಅಪ್ಪ ಹಿರಿಯನಾಗಿದ್ದ, ಅದಕ್ಕೆ ಇವನೂ ಆದ. ದುಡಿಯುವವನು, ಮೆತ್ತನೆ ಮಾತಿನವನು, ಯಾರಿಗೂ ಇಲ್ಲ ಅನ್ನದವನು. ಒಂದೇ ಒಂದು ಐಬು. ಯಾರು ಏನು ಹೇಳಿದರೂ ಅವನಿಗೆ ಹೌದು ಅನ್ನಿಸುತ್ತಿತ್ತು. ಮೊದಲು ಹೇಳಿದವನ ಮಾತೂ ಸರಿ, ಆಮೇಲೆ ಹೇಳಿದವನ ಮಾತೂ ಸರಿ. ಕೊನೆಗೆ ಹೇಳಿದವನದ್ದು ಎಲ್ಲಕ್ಕಿಂತ ಸರಿ. ಅವನ ಹೆಂಡತಿ ಕೆಂಚವ್ವ, ನಿಮ್ಮ ತಲೆ ಸಂತೆಯ ಬಾವಿ ಇದ್ದ ಹಾಗೆ, ಬಂದವರೆಲ್ಲ ಕೊಡ ಇಳಿಸ್ತಾರೆ ಅನ್ನುತ್ತಿದ್ದಳು. ಅದೂ ಅವನಿಗೆ ಸರಿ ಅನ್ನಿಸುತ್ತಿತ್ತು.

ಬಯಲಿಗೆ ಬರುವ ಹೊತ್ತಿಗೆ ರಾಗಿಯ ಕಾಲ ಕಳೆದಿತ್ತು, ಜೋಳಕ್ಕೆ ಬೀಜ ಇರಲಿಲ್ಲ. ಉಳಿದದ್ದು ಸಾಸಿವೆ. ಸಾಸಿವೆಗೆ ನೆಲದ ಪಸೆ ಸಾಕು, ಬೆಳಗಿನ ಇಬ್ಬನಿ ಸಾಕು. ನೆಂಟರ ಊರುಗಳಿಂದ ಬೀಜ ಬೇಡಿ ತಂದು ಗುಡಿಸಲ ಮೂಲೆಯಲ್ಲಿ ಚೀಲ ಕಟ್ಟಿಟ್ಟರು. ಉತ್ತರೆ ಮಳೆ ಹದ ಕೊಟ್ಟಿತು. ಉತ್ತರು, ಬಿತ್ತಿದರು. ಇನ್ನೇನು ವಾರ ಕಳೆಯುವುದರಲ್ಲಿ ಬಯಲು ತುಂಬ ಮೊಳಕೆ. ಒಂದೊಂದು ಮೊಳಕೆಗೂ ಎರಡೆರಡು ಎಲೆ, ಪುಟ್ಟ ಮಗು ಅಂಗೈ ಬಿಚ್ಚಿದ ಹಾಗೆ. ಹೆಂಗಸರು ಬದುವಿನ ಮೇಲೆ ನಿಂತು ನೋಡಿ ನೋಡಿ ಕಣ್ಣು ತುಂಬಿಕೊಂಡರು.

ಬಿಸಿಲು ಏರಿತು. ಸಂಜೆ ಬಂದು ನೋಡಿದರೆ ಎಲೆಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು. ಮರುದಿನ ತೂತಿನ ಪಕ್ಕ ತೂತು. ಅದರ ಮರುದಿನ ಎಲೆಯೇ ಜರಡಿ. ತಿಂದದ್ದು ಯಾರು? ಕಾಣುವುದಿಲ್ಲ. ಜನ ಹೊಲಕ್ಕೆ ಕಾಲಿಟ್ಟರೆ ಅಲ್ಲಿ ಮಣ್ಣಿದೆ, ಬಿಸಿಲಿದೆ, ಮತ್ತೇನೂ ಇಲ್ಲ. ಸಣ್ಣೀರಪ್ಪ ತಲೆ ಕೆರೆದುಕೊಂಡ.

ಊರಿನ ಮುದ್ದಜ್ಜ, ಇಬ್ಬನಿ ಇರುವಾಗ ಬೂದಿ ಎರಚು ಎಂದ. ಸಣ್ಣೀರಪ್ಪ ಬೂದಿ ಎರಚಿಸತೊಡಗಿದ. ಅರ್ಧ ಹೊಲ ಆಗುವಾಗ ಇನ್ನೊಬ್ಬ ಬಂದು, ಬೂದಿಗೆ ಎಳೆಗಿಡ ಸುಟ್ಟುಹೋಗುತ್ತೆ ಎಂದ. ಸಣ್ಣೀರಪ್ಪ ನಿಲ್ಲಿಸಿದ. ಮತ್ತೊಬ್ಬ ಬಂದು, ಹೊಗೆ ಹಾಕಬೇಕು ಎಂದ. ಹಸಿ ಸೊಪ್ಪು ಒಟ್ಟಿ ಹೊಗೆ ಎಬ್ಬಿಸಿದರೆ ಗಾಳಿ ತಿರುಗಿ ಊರಿನವರೇ ಕೆಮ್ಮಿದರು.

ಆಗ ಬಂದವನು ತೇಜಿಮಲ್ಲ.

ತೇಜಿಮಲ್ಲ ಅರಮನೆಯ ಕುದುರೆಲಾಯಕ್ಕೆ ಯಜಮಾನ. ಹಿರೇಬಯಲು ಮೊದಲು ಅವನ ಕೈಯಲ್ಲಿತ್ತು. ಅಲ್ಲಿ ಅವನು ಹೇಳಿದ ಕಡೆ ಕುದುರೆ ಮೇಯಬೇಕು, ಅವನು ಬೇಡ ಅಂದ ಕಡೆ ಹಸುವೂ ಹೆಜ್ಜೆ ಇಡಬಾರದು. ರಾಜ ಅದನ್ನು ಹೊಳೆಯಲ್ಲಿ ಮನೆ ಕಳಕೊಂಡವರಿಗೆ ಕೊಟ್ಟದ್ದು ಅವನ ಗಂಟಲಲ್ಲಿ ಮುಳ್ಳಾಗಿತ್ತು. ಆದರೆ ಮುಳ್ಳು ಒಳಗೆ, ನಗು ಹೊರಗೆ. ಬಿಳಿ ಕುದುರೆ ಏರಿ ಬದುವಿನ ಮೇಲೆ ನಿಂತ. ಕೆಳಗೆ ಇಳಿಯಲಿಲ್ಲ. ಇಳಿಯುವ ಅಭ್ಯಾಸ ಅವನಿಗಿರಲಿಲ್ಲ.

"ಏನಪ್ಪಾ ಸಣ್ಣೀರಪ್ಪ, ಇದು ಗುಬ್ಬಿ ಕಾಟ. ಗುಬ್ಬಿ ಓಡಿಸು, ಎಲ್ಲಾ ಸರಿಹೋಗುತ್ತೆ" ಎಂದ.

ಅರಮನೆಯವನು, ಕುದುರೆ ಮೇಲೆ ಕೂತವನು, ಅದೂ ಎಲ್ಲರಿಗಿಂತ ಕೊನೆಗೆ ಹೇಳಿದವನು. ಸಣ್ಣೀರಪ್ಪನಿಗೆ ಅದೇ ಸರಿ ಅನ್ನಿಸಿತು. ಕವಣೆ ಬೀಸಿದರು, ತಮಟೆ ಬಡಿದರು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಗುಬ್ಬಿ ಹೋಯಿತು, ಮೈನಾ ಹೋಯಿತು, ನೆಲದಲ್ಲಿ ಹುಳ ಹೆಕ್ಕುವ ಹಕ್ಕಿಯೆಲ್ಲ ಬಯಲು ಬಿಟ್ಟು ಹೋಯಿತು. ತೂತು ಮಾತ್ರ ಹೋಗಲಿಲ್ಲ, ಇಮ್ಮಡಿಯಾಯಿತು. ಬಿತ್ತಿದ್ದೆಲ್ಲ ಹಾಳು.

ಹಸ್ತ ಮಳೆಗೆ ಎರಡನೇ ಸಲ ಬಿತ್ತಲು ನಿಂತರು. ತೇಜಿಮಲ್ಲ ಮತ್ತೆ ಬಂದ, ಮತ್ತೆ ಕುದುರೆಯ ಮೇಲಿಂದಲೇ ಮಾತು. ಹುಲ್ಲು, ಕಸ, ತರಗು ಒಂದೂ ಇರಬಾರದು, ಎಲ್ಲ ಒಟ್ಟಿ ಸುಟ್ಟು ನೆಲ ಬೋಳು ಮಾಡು. ಬೀಜವನ್ನು ದೂರ ದೂರ ಹಾಕು, ಗಿಡ ದಪ್ಪಗೆ ಬರುತ್ತದೆ ಎಂದ. ಸಣ್ಣೀರಪ್ಪ ಹಾಗೇ ಮಾಡಿದ. ಬೋಳು ನೆಲ ಕಾದ ಹೆಂಚಾಯಿತು. ನೂರು ಮೊಳಕೆ ಇರುವ ಕಡೆ ಹತ್ತು ಬಂತು. ಎಲೆ ತಿನ್ನುವ ಬಾಯಿಗಳು ಮಾತ್ರ ಮೊದಲಿನಷ್ಟೇ ಇದ್ದವು ಅಂತ ಕಾಣುತ್ತದೆ. ಒಂದೂ ಉಳಿಯಲಿಲ್ಲ.

ಚಿತ್ತೆ ಮಳೆಗೆ ಮೂರನೇ ಸಲ. ತೇಜಿಮಲ್ಲ ಮತ್ತೆ ಬಂದ. ಬೀಜ ಆಳಕ್ಕೆ ಹಾಕು, ಗೇಣುದ್ದ ಒಳಗೆ ಇಳಿಸು, ಯಾವ ಪ್ರಾಣಿಗೂ ಸಿಗಬಾರದು ಎಂದ. ಸಣ್ಣೀರಪ್ಪ ಕೂರಿಗೆಯ ಮೇಲೆ ಕಲ್ಲು ಹೇರಿ ಬಿತ್ತಿಸಿದ. ಸಾಸಿವೆ ಎಷ್ಟು ದೊಡ್ಡದು? ಉಗುರಿನ ಮೇಲೆ ಹತ್ತು ಕೂರುತ್ತದೆ. ಅಷ್ಟು ಮಣ್ಣು ಹೊತ್ತು ಅದು ಹೇಗೆ ಏಳಬೇಕು? ಎಷ್ಟೋ ಒಳಗೇ ಕೊಳೆತವು. ಎದ್ದವು ಬಿಳಿಚಿಕೊಂಡು, ತೂಗಾಡುತ್ತಾ ಎದ್ದವು. ಎದ್ದ ದಿನವೇ ತೂತಾದವು.

ಈಗ ಊರಿನಲ್ಲಿ ಮಾತಿಗೊಂದು ಮಾತು ಹುಟ್ಟಿತು. ಭೂಮಿಗೆ ನಾವು ಬೇಡ ಅಂದರು ಕೆಲವರು. ಸತ್ತ ಕುದುರೆಗಳ ಶಾಪ ಅಂದರು ಕೆಲವರು. ಹಿರಿಯನೇ ಸರಿಯಿಲ್ಲ ಅಂದರು ಉಳಿದವರು. ಸಣ್ಣೀರಪ್ಪನಿಗೆ ಮೂರೂ ಸರಿ ಅನ್ನಿಸಿತು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಇರುತ್ತಿತ್ತು. ಉತ್ತರಕ್ಕೆ ಹೊರಟವನು ದಕ್ಷಿಣದ ಬದುವಿನಲ್ಲಿ ನಿಂತಿರುತ್ತಿದ್ದ.

ಅಷ್ಟರಲ್ಲಿ ಅರಮನೆಯಿಂದ ಕರೆ ಬಂತು.

ಸಭೆ ತುಂಬಿತ್ತು. ಬಯಲು ಬೋಳಾಗಿದೆಯಂತಲ್ಲ, ಯಾಕೆ ಎಂದು ರಾಜ ಕೇಳಿದ. ಸಣ್ಣೀರಪ್ಪ ಬಾಯಿ ತೆರೆಯುವ ಮುಂಚೆ ತೇಜಿಮಲ್ಲ ಮುಂದೆ ಬಂದ. ಇಷ್ಟು ವರ್ಷ ತಾನು ಆ ಬಯಲಲ್ಲಿ ಕುದುರೆ ಮೇಯಿಸಿದ್ದೇನೆ, ಅಲ್ಲಿ ಹುಳವೂ ಇಲ್ಲ, ಹುಪ್ಪಟೆಯೂ ಇಲ್ಲ, ಮಣ್ಣು ಬಂಗಾರ, ಇವರು ಮೈಗಳ್ಳರು, ಅಷ್ಟೇ ಎಂದ. ಇಡೀ ಸಭೆಗೆ ಕೇಳುವ ಹಾಗೆ ಹೇಳಿದ.

ಸಣ್ಣೀರಪ್ಪ ಬೆಪ್ಪಾಗಿ ಅವನ ಮುಖ ನೋಡಿದ. ಗುಬ್ಬಿ ಅಂದವನು ಇವನೇ. ಕಸ ಅಂದವನು ಇವನೇ. ಆಳಕ್ಕೆ ಹಾಕು ಅಂದವನೂ ಇವನೇ. ಈಗ ಏನೂ ಇಲ್ಲ ಅನ್ನುತ್ತಿದ್ದಾನೆ. ನಾನು ಕೇಳಿಸಿಕೊಂಡದ್ದು ತಪ್ಪೋ? ಇವನು ಅವನಲ್ಲವೋ?

ರಾಜ ಅವನ ಕಡೆ ತಿರುಗಿದ. "ನೀನು ಹೇಳು. ಬಯಲಲ್ಲಿ ಹುಳ ಇದೆಯೋ, ಇಲ್ಲವೋ?"

ಸಣ್ಣೀರಪ್ಪ ಯೋಚಿಸಿದ. ಇದೆ ಅನ್ನಲೇ? ಕಂಡಿಲ್ಲ. ಇಲ್ಲ ಅನ್ನಲೇ? ಎಲೆ ತೂತಾಗಿದೆ. ಕೊನೆಗೆ, "ಗೊತ್ತಿಲ್ಲ ಮಹಾಸ್ವಾಮಿ" ಎಂದ. "ನಾನು ಬಗ್ಗಿ ನೋಡೇ ಇಲ್ಲ."

ಸಭೆ ನಕ್ಕಿತು. ತೇಜಿಮಲ್ಲ ಎಲ್ಲರಿಗಿಂತ ಹೆಚ್ಚು ನಕ್ಕ. ರಾಜ ಮಾತ್ರ ನಗಲಿಲ್ಲ. ಸಂಕ್ರಾಂತಿಗೆ ಇನ್ನೂ ದಿನವಿದೆ, ಹೋಗಿ ನೋಡು ಎಂದಷ್ಟೇ ಹೇಳಿ ಎದ್ದುಹೋದ.

ಗುಡ್ಡ ಇಳಿಯುವಾಗ ಸಣ್ಣೀರಪ್ಪನ ಕಿವಿ ಬಿಸಿಯಾಗಿತ್ತು. ಇಷ್ಟು ಜನರ ಮಾತು ಕೇಳಿದೆ, ಒಂದು ಸಲವಾದರೂ ಗಿಡವನ್ನೇ ಯಾಕೆ ಕೇಳಲಿಲ್ಲ? ಹೀಗೆ ಯೋಚಿಸುತ್ತಾ ಮನೆಗೂ ಹೋಗದೆ, ನೆತ್ತಿಯ ಮೇಲಿನ ಬಿಸಿಲಲ್ಲಿ ನೇರ ಹೊಲಕ್ಕೆ ನಡೆದ. ಅಲ್ಲೊಂದು ಇಲ್ಲೊಂದು ಮೊಳಕೆ ಇನ್ನೂ ಜೀವ ಹಿಡಿದಿತ್ತು.

ಮೊದಲು ನಡೆದು ನೋಡಿದ. ಏನೂ ಇಲ್ಲ. ಆದರೆ ಅವನ ನೆರಳು ಬಿದ್ದ ಕಡೆ ಮಣ್ಣು ಸಿಡಿದ ಹಾಗೆ ಆಯಿತು. ಮಣ್ಣು ಯಾಕೆ ಸಿಡಿಯಬೇಕು?

ಆಮೇಲೆ ಕೂತು ನೋಡಿದ. ಸೂರ್ಯನಿಗೆ ಮುಖ ಮಾಡಿ, ನೆರಳು ಬೆನ್ನ ಹಿಂದೆ ಬೀಳುವ ಹಾಗೆ ಅಲ್ಲಾಡದೆ ಕೂತ. ಬೆವರು ಕಣ್ಣಿಗೆ ಇಳಿಯಿತು. ಆಗ ಕಂಡಿತು. ಎಲೆಯ ಮೇಲೆ ಒಂದು ಕರಿ ಚುಕ್ಕೆ. ಎಳ್ಳಿಗಿಂತ ಚಿಕ್ಕದು, ಎಣ್ಣೆ ಹಚ್ಚಿದ ಹಾಗೆ ಹೊಳೆಯುವುದು. ಚುಕ್ಕೆ ನಡೆಯಿತು. ಅವನು ಬೆರಳು ಚಾಚಿದ. ಚುಕ್ಕೆ ಚಿಗಟದ ಹಾಗೆ ನೆಗೆದು ಮಾಯವಾಯಿತು. ಸಣ್ಣೀರಪ್ಪ ಕಣ್ಣುಜ್ಜಿಕೊಂಡ. ಕಂಡದ್ದು ಹೌದೋ ಅಲ್ಲವೋ ಅಂತ ಮತ್ತೆ ಗೊಂದಲ.

ಮೂರನೆಯದಾಗಿ, ಮನೆಗೆ ಓಡಿ ಕೆಂಚವ್ವನ ಮೊರ ತಂದ. ಮೊರದ ಒಳಮೈಗೆಲ್ಲ ಹರಳೆಣ್ಣೆ ಬಳಿದ. ಗಿಡದ ನೆತ್ತಿಗೆ ತಾಗಿಯೂ ತಾಗದ ಹಾಗೆ ಮೊರವನ್ನು ಮಗುಚಿ ಹಿಡಿದು ಸಾಲಿನುದ್ದ ನಡೆದ. ಕೆಳಗಿನಿಂದ ಟಪಟಪ ಸದ್ದು, ಸಣ್ಣ ಹನಿ ಬಿದ್ದ ಹಾಗೆ. ಸಾಲು ಮುಗಿಸಿ ಮೊರ ತಿರುಗಿಸಿದರೆ ಅದರ ತುಂಬ ಕರಿಹುಳ. ನೆಗೆದವೆಲ್ಲ ಎಣ್ಣೆಗೆ ಅಂಟಿ ಕಾಲಾಡಿಸುತ್ತಿದ್ದವು. ಸಣ್ಣೀರಪ್ಪ ಮೊರವನ್ನು ಎದೆಗೆ ಅಪ್ಪಿಕೊಂಡು ಹೊಲದ ನಡುವೆ ಕೂತುಬಿಟ್ಟ. ಅಳು ಬಂತು. ಸಂತೋಷಕ್ಕೋ ನಾಚಿಕೆಗೋ ಅವನಿಗೇ ತಿಳಿಯಲಿಲ್ಲ.

ಅಲ್ಲಿಂದ ಅವನು ದಿನಾ ನೋಡತೊಡಗಿದ. ಬೇಲಿಯ ಹತ್ತಿರ ಮೊರ ಎಳೆದರೆ ಕಪ್ಪಾಗುತ್ತದೆ, ಹೊಲದ ನಡುವೆ ಎಳೆದರೆ ಅಲ್ಲೊಂದು ಇಲ್ಲೊಂದು. ಹಾಗಾದರೆ ಇವು ಬೇಲಿಯ ತರಗಿನಿಂದ ಬರುತ್ತವೆ, ಅಂಚಿನಿಂದ ಒಳಗೆ ನಡೆಯುತ್ತವೆ. ಬಿಸಿಲಿದ್ದರೆ ಕುಣಿತ, ಮೋಡ ಇದ್ದರೆ ಮಂಕು. ಇಷ್ಟು ತಿಳಿಯಿತು. ಮುಂದೇನು ಅಂತ ತಿಳಿಯಲಿಲ್ಲ. ಬಯಲು ಅಷ್ಟು ದೊಡ್ಡದು, ಮೊರ ಇಷ್ಟು ಚಿಕ್ಕದು.

ಒಂದು ಬೆಳಿಗ್ಗೆ ಕೆಂಚವ್ವ ಹಿತ್ತಲಿಂದ ಕೂಗಿದಳು. "ನೋಡ್ರಿ, ನನ್ನ ಮೂಲಂಗಿ ಮಡಿ ಏನಾಗ್ಯದೆ ನೋಡ್ರಿ ಇಲ್ಲಿ."

ಅವಳು ಸಾರಿಗೆ ಸೊಪ್ಪಾಗಲಿ ಅಂತ ನಾಲ್ಕು ಸಾಲು ಮೂಲಂಗಿ ಹಾಕಿದ್ದಳು. ಅದು ಜರಡಿಯಾಗಿ ಹೋಗಿತ್ತು. ಸಣ್ಣೀರಪ್ಪ ಬಗ್ಗಿದ. ಹುಳ ಇವೆ, ಬೇಕಾದಷ್ಟಿವೆ. ಆಮೇಲೆ ಅವನ ಕಣ್ಣು ಪಕ್ಕಕ್ಕೆ ಹೋಯಿತು. ಬೀಜ ತೂರುವಾಗ ಚೆಲ್ಲಿದ ಸಾಸಿವೆ ಮೂಲಂಗಿಯ ಮಗ್ಗುಲಲ್ಲೇ ತಡವಾಗಿ ಹುಟ್ಟಿತ್ತು. ಒಂದು ಎಲೆಯೂ ತೂತಿಲ್ಲ. ಹಸಿರಾಗಿ, ದುಂಡಗೆ, ಆಗಲೇ ನಾಲ್ಕನೆಯ ಎಲೆ ಬಿಡುತ್ತಿತ್ತು.

ಸಣ್ಣೀರಪ್ಪ ಮಧ್ಯಾಹ್ನದವರೆಗೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಕೆಂಚವ್ವ ಮುದ್ದೆ ಆರುತ್ತಿದೆ ಅಂದಳು, ಕೇಳಲಿಲ್ಲ. ಹುಳ ಮೂಲಂಗಿ ಬಿಟ್ಟು ಸಾಸಿವೆಗೆ ಹೋಗಲೇ ಇಲ್ಲ. ಮೊದಲು ಹುಟ್ಟಿದ್ದು, ರುಚಿಯಾದದ್ದು ಎದುರಿಗೇ ಇರುವಾಗ ಹಿಂದಿನದ್ದನ್ನು ಯಾರು ಹುಡುಕುತ್ತಾರೆ? ಮದುವೆ ಮನೆಯಲ್ಲಿ ಬಾಗಿಲಲ್ಲೇ ಹೋಳಿಗೆ ಬಡಿಸಿದರೆ ಅಡುಗೆಮನೆಗೆ ಯಾರು ನುಗ್ಗುತ್ತಾರೆ?

ಸಂಜೆ ಅವನು ಊರವರನ್ನು ಕೂರಿಸಿ ಹೇಳಿದ. ಬಯಲಿನ ಸುತ್ತ ಅಂಚಿಗೆ ಮೊದಲು ಮೂಲಂಗಿ, ಆಮೇಲೆ ಒಳಗೆ ಸಾಸಿವೆ. ಹಾಗೆ ಹೇಳುವಾಗಲೂ ಅವನ ದನಿ ಗಟ್ಟಿಯಿರಲಿಲ್ಲ. ಊರವರು, ಮೂಲಂಗಿ ಬೀಜ ಎಲ್ಲಿದೆ, ಅಂಚಿಗೆ ಗೊಬ್ಬರ ಎಲ್ಲಿದೆ, ಇರುವ ಸಾಸಿವೆ ಒಂದು ಬಿತ್ತನೆಗೂ ಸಾಲದಲ್ಲ ಎಂದರು. ಅದೂ ಸರಿಯೇ. ಮರುಬೆಳಿಗ್ಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಒಗ್ಗರಣೆಗೆ ಅಂತ ಇಟ್ಟುಕೊಂಡಿದ್ದ ಸಾಸಿವೆಯನ್ನು ಕೆಂಚವ್ವನ ಮಡಕೆಗೆ ಸುರಿದು ಹೋದರು. ಅಲ್ಲಿಂದ ಆ ಊರಿನ ಸಾರು ಚಟಪಟ ಅನ್ನಲಿಲ್ಲ. ಸಾಸಿವೆ ಆಯಿತು. ಮೂಲಂಗಿ ಆಗಬೇಕಿತ್ತು.

ಸ್ವಾತಿ ಮಳೆ ಹನಿಯುವ ಹೊತ್ತಿಗೆ ತೇಜಿಮಲ್ಲ ಬಿಳಿ ಕುದುರೆ ಏರಿ ಬಂದ. ಇನ್ನೇನು ಬಯಲು ತನ್ನದೇ ಅಂತ ಅವನ ಮೀಸೆಯೇ ಹೇಳುತ್ತಿತ್ತು. ಈ ಸಲ ಯಾವ ಸಲಹೆ ಬೇಕಪ್ಪಾ ಎಂದು ಕೇಳಿದ.

ಸಣ್ಣೀರಪ್ಪ ಕೈಕಟ್ಟಿ ನಿಂತ. "ಬುದ್ಧಿ, ನಮಗೆ ತಲೆ ಓಡ್ತಾ ಇಲ್ಲ. ಮಣ್ಣು ಬಂಗಾರ ಅಂತ ತಾವೇ ಸಭೆಯಲ್ಲಿ ಹೇಳಿದ್ರಿ. ತಮ್ಮಂಥವರು ಬಯಲಿನ ಸುತ್ತ ಒಂದು ಪಟ್ಟೆ ಬಿತ್ತಿ ತೋರಿಸಿದ್ರೆ ನಾವೂ ನೋಡಿ ಕಲಿತೀವಿ. ಮಹಾಸ್ವಾಮಿಗಳಿಗೆ ಮೂಲಂಗಿ ಅಂದ್ರೆ ಪ್ರಾಣವಂತೆ."

ತೇಜಿಮಲ್ಲನ ಕಣ್ಣು ಅರಳಿತು. ಸುತ್ತ ತನ್ನ ಹಸಿರು, ನಡುವೆ ಇವರ ಬೋಳು. ಸಂಕ್ರಾಂತಿಗೆ ರಾಜ ಬಂದು ನೋಡಿದರೆ ಮಾತೇ ಬೇಡ.

ಸಣ್ಣೀರಪ್ಪ ಸುಳ್ಳು ಹೇಳುವವನಲ್ಲ. ಅದಕ್ಕೆ ಇನ್ನೊಂದು ಮಾತನ್ನೂ ಸೇರಿಸಿದ. "ಆದ್ರೆ ಬುದ್ಧಿ, ಹುಳ ಇವೆ. ಅಂಚಿಗೇ ಮೊದಲು ಬರ್ತಾವೆ. ಇಳಿದು ನೋಡಿದ್ರೆ ತೋರಿಸ್ತೀನಿ."

ತೇಜಿಮಲ್ಲ ಹೊಟ್ಟೆ ಹಿಡಿದು ನಕ್ಕ. ಸಭೆಯಲ್ಲಿ ಗೊತ್ತಿಲ್ಲ ಅಂದವನು ಇಲ್ಲಿ ಹುಳ ತೋರಿಸುತ್ತಾನಂತೆ ಎಂದು ಕುದುರೆ ತಿರುಗಿಸಿದ. ಇಳಿಯಲಿಲ್ಲ.

ಮರುದಿನವೇ ಲಾಯದ ಆಳುಗಳು ಬಂಡಿಗಟ್ಟಲೆ ಲದ್ದಿಗೊಬ್ಬರ ತಂದು ಬಯಲಿನ ಸುತ್ತ ಅಗಲವಾದ ಪಟ್ಟೆಗೆ ಹರಡಿ ಮೂಲಂಗಿ ಬಿತ್ತಿದರು. ಮೂಲಂಗಿ ಎದ್ದಿತು. ಎದ್ದ ಸುದ್ದಿ ಬೇಲಿಗೆ ಮುಟ್ಟಿತು. ಕರಿಹುಳ ತಂಡ ತಂಡವಾಗಿ ಬಂದು ಕೂತವು. ಆಳುಗಳು ಹೆದರಿ ಓಡಿಹೋಗಿ ಯಜಮಾನನಿಗೆ ಹೇಳಿದರು. ಹುಳ ಅನ್ನುವ ಮಾತು ಯಾರ ಬಾಯಲ್ಲೂ ಬರಕೂಡದು, ಮತ್ತೆ ಬಿತ್ತಿ ಎಂದ ಅವನು. ಮತ್ತೆ ಬಿತ್ತಿದರು, ಮತ್ತೆ ತಿಂದವು. ಇನ್ನೊಮ್ಮೆ ಬಿತ್ತಿ ಎಂದ. ಇನ್ನೊಮ್ಮೆಯೂ ಬಿತ್ತಿದರು. ಹುಳಕ್ಕೆ ಹಬ್ಬದ ಮೇಲೆ ಹಬ್ಬ.

ಇತ್ತ ವಿಶಾಖ ಮಳೆಯ ಹದಕ್ಕೆ ಊರವರು ಒಳಗೆ ಸಾಸಿವೆ ಬಿತ್ತಿದರು. ಈ ಸಲ ಬೆರಳ ಗೆಣ್ಣಿನಷ್ಟೇ ಆಳ. ಈ ಸಲ ಒತ್ತಾಗಿ. ಸಾಲಿನ ನಡುವೆ ಒಣಹುಲ್ಲು ತೆಳ್ಳಗೆ ಚೆಲ್ಲಿ ನೆಲಕ್ಕೆ ಹೊದಿಕೆ ಕೊಟ್ಟರು. ತಮಟೆಯನ್ನು ಮೂಲೆಗಿಟ್ಟರು, ಹಕ್ಕಿ ತಿರುಗಿ ಬಂದವು. ಮೊಳಕೆ ಎದ್ದಿತು. ಎರಡು ಎಲೆ ಬಿಚ್ಚಿತು.

ನಾಲ್ಕು ದಿನ ಎಲ್ಲ ಚೆನ್ನ. ಆಮೇಲೊಂದು ಬೆಳಿಗ್ಗೆ ಯಾರೋ ಓಡಿಬಂದರು. ತೂತು ಕಂಡಿತ್ತು.

ಊರೇ ಸಣ್ಣೀರಪ್ಪನ ಗುಡಿಸಲ ಮುಂದೆ ಕೂಡಿತು. ಎಲ್ಲ ಕಿತ್ತು ಬೇರೆ ಏನಾದರೂ ಬಿತ್ತೋಣ ಎಂದ ಒಬ್ಬ. ಬೇವಿನ ಬೀಜ ಅರೆದು ನೆನೆಸಿ ಇಡೀ ಬಯಲಿಗೆ ಚಿಮುಕಿಸಬೇಕು, ಈಗಲೇ ಮಾಡಬೇಕು ಎಂದ ಮುದ್ದಜ್ಜ. ಗುಡ್ಡ ಹತ್ತಿ ರಾಜನ ಕಾಲು ಹಿಡಿಯೋಣ ಎಂದಳು ಒಬ್ಬ ಮುದುಕಿ. ಸಣ್ಣೀರಪ್ಪನಿಗೆ ಕಿತ್ತುಹಾಕುವುದು ಸರಿ ಅನ್ನಿಸಿತು. ಬೇವು ಇನ್ನೂ ಸರಿ ಅನ್ನಿಸಿತು. ಕೊನೆಗೆ ಮಾತಾಡಿದ್ದು ಮುದುಕಿ. ಅವನ ಕಾಲು ಆಗಲೇ ಗುಡ್ಡದ ಕಡೆ ತಿರುಗಿತ್ತು. ಹೆಜ್ಜೆ ಎತ್ತಿದವನು ಹಾಗೇ ನಿಂತ. ತಿರುಗಿ ಹೊಲಕ್ಕೆ ಇಳಿದ.

ಅಂಚಿನಿಂದ ನಡುವಿನವರೆಗೆ ನಡೆದ. ಇಲ್ಲಿ ಬಗ್ಗಿದ, ಅಲ್ಲಿ ಬಗ್ಗಿದ, ಮತ್ತೊಂದು ಕಡೆ ಮಂಡಿ ಊರಿದ. ತೂತು ಇದ್ದದ್ದು ನಿಜ. ಅಂಚಿನ ಕೆಲವು ಸಾಲಿನಲ್ಲಿ ಎಲೆಯ ಕಾಲುಭಾಗಕ್ಕೂ ಮಿಕ್ಕಿ ಹೋಗಿತ್ತು. ಆದರೆ ಒಳಗೆ ಹೋದ ಹಾಗೆ ಒಂದೊಂದು ಎಲೆಗೆ ಒಂದೆರಡೇ ಚುಕ್ಕೆ. ಗಿಡದ ನೆತ್ತಿಯಲ್ಲಿ ಹೊಸ ಎಲೆ ಚೂಪಾಗಿ ಹೊರಡುತ್ತಿತ್ತು. ಹಿತ್ತಲಿನ ಸಾಸಿವೆ ಗಿಡವೂ ಹೀಗೇ ಇತ್ತಲ್ಲ. ನಾಲ್ಕೆಲೆ ಆದ ಮೇಲೆ ಅದರ ಪಕ್ಕದ ಮೂಲಂಗಿ ಮುಗಿದು ಹುಳ ಅದಕ್ಕೂ ಬಾಯಿ ಹಾಕಿದ್ದವು. ಗಿಡ ತಿನ್ನಿಸಿಕೊಳ್ಳುತ್ತಲೇ ಮೇಲೆ ಬೆಳೆದಿತ್ತು.

ತಿರುಗಿ ಬಂದು ಅವನು, ಅಂಚಿನ ಸಾಲುಗಳಿಗೆ ಮಾತ್ರ ಇಬ್ಬನಿಯಲ್ಲಿ ಬೂದಿ, ಬಿಸಿಲಲ್ಲಿ ಎಣ್ಣೆ ಮೊರ, ಸಂಜೆಗೆ ಬೇವಿನ ನೀರು ಎಂದ. ಒಳಗಿನದ್ದನ್ನು ಮುಟ್ಟುವುದು ಬೇಡ, ಕಾಯೋಣ ಎಂದ.

ಕಾಯುವುದು ಅಂದರೆ ಸುಮ್ಮನೆ ಕೂರುವುದೇ ಎಂದು ಊರು ಗೊಣಗಿತು. ಒಬ್ಬಿಬ್ಬರು ಗಂಟು ಕಟ್ಟಿಕೊಂಡು ನೆಂಟರ ಊರಿಗೆ ಹೊರಟರು. ಕೆಂಚವ್ವ ಗಂಡನನ್ನು ಪಕ್ಕಕ್ಕೆ ಕರೆದು, ನಿಮಗೆ ಗಟ್ಟಿಯಾಗಿ ಗೊತ್ತೇನ್ರಿ ಎಂದು ಕೇಳಿದಳು.

"ಗಟ್ಟಿಯಿಲ್ಲ ಕಣೇ. ಕಂಡಷ್ಟು ಹೇಳಿದೆ" ಎಂದ ಸಣ್ಣೀರಪ್ಪ.

ಕೆಂಚವ್ವ ಸೆರಗು ಸಿಕ್ಕಿಸಿ ಮೊರಕ್ಕೆ ಎಣ್ಣೆ ಬಳಿಯತೊಡಗಿದಳು. ಅವಳನ್ನು ನೋಡಿ ಉಳಿದ ಹೆಂಗಸರೂ ಮೊರ ತಂದರು. ಬಿಸಿಲೇರಿದಾಗ ಸಾಲಾಗಿ ಅಂಚಿನಲ್ಲಿ ನಡೆದರು. ಕಾಯುವ ದಿನಗಳು ಉದ್ದ. ಸಣ್ಣೀರಪ್ಪ ಬೆಳಿಗ್ಗೆ ನೋಡುತ್ತಿದ್ದ, ಮಧ್ಯಾಹ್ನ ನೋಡುತ್ತಿದ್ದ, ಬೈಗಿಗೆ ನೋಡುತ್ತಿದ್ದ. ಬೆಳಿಗ್ಗೆ ನಾನು ಮಾಡಿದ್ದು ಸರಿ ಅನ್ನಿಸುತ್ತಿತ್ತು, ಬೈಗಿಗೆ ಎಲ್ಲರನ್ನೂ ಕೆಡಿಸಿದೆ ಅನ್ನಿಸುತ್ತಿತ್ತು. ಆದರೂ ಕಂಡದ್ದನ್ನು ಬಿಟ್ಟು ಕೇಳಿದ್ದರ ಹಿಂದೆ ಹೋಗಲಿಲ್ಲ. ಮೂರನೇ ಎಲೆ ಬಂತು. ನಾಲ್ಕನೇ ಎಲೆ ಬಂತು. ಚಳಿ ಬಿತ್ತು, ಹುಳದ ಕುಣಿತ ಕುಗ್ಗಿತು. ಗಿಡ ಮೊಣಕಾಲು ಮುಟ್ಟಿತು, ಸೊಂಟ ಮುಟ್ಟಿತು. ಒಂದು ದಿನ ಒಂದು ಹೂವು. ಮರುದಿನ ಎಣಿಸಲಾರದಷ್ಟು. ನೆಂಟರೂರಿಗೆ ಹೋದವರು ದೂರದಿಂದಲೇ ಹಳದಿ ಕಂಡು ಗಂಟು ಸಮೇತ ತಿರುಗಿ ಬಂದರು.

ಸಂಕ್ರಾಂತಿಗೆ ಕಲ್ಲರಸ ಗುಡ್ಡ ಇಳಿದು ಬಂದ. ತೇಜಿಮಲ್ಲ ಬಿಳಿ ಕುದುರೆ ಏರಿ ಹಿಂದಿದ್ದ. ಅವನ ಮೀಸೆ ಈ ಸಲ ಏನೂ ಹೇಳುತ್ತಿರಲಿಲ್ಲ. ರಾಜ ಮೊದಲು ಒಳಗಿನ ಹಳದಿ ನೋಡಿದ, ಆಮೇಲೆ ಸುತ್ತಲಿನ ಪಟ್ಟೆ ನೋಡಿದ. ಅಲ್ಲಿ ಒಣಗಿದ ದಂಟು, ಜರಡಿಯಂಥ ಎಲೆ. ಇದು ಯಾರದ್ದು ಎಂದು ಕೇಳಿದ. ಲಾಯದ ಯಜಮಾನರದ್ದು ಎಂದರು ಜನ.

ಇದು ಯಾಕೆ ಹೀಗಾಯಿತು ಎಂದು ರಾಜ ತೇಜಿಮಲ್ಲನನ್ನು ಕೇಳಿದ. ಮಣ್ಣು ಸರಿಯಿಲ್ಲ ಮಹಾಸ್ವಾಮಿ ಎಂದ ಅವನು. ರಾಜ ಒಂದು ಹೆಜ್ಜೆ ಒಳಗಿಟ್ಟು ಸಾಸಿವೆಯ ಬುಡದ ಮಣ್ಣು ಎತ್ತಿದ, ಪಟ್ಟೆಯ ಮಣ್ಣು ಎತ್ತಿದ, ಎರಡನ್ನೂ ಅವನ ಮುಂದೆ ಹಿಡಿದ. ಎರಡೂ ಒಂದೇ.

ಹಾಗಾದರೆ ಇವರೇ ಹೊಟ್ಟೆಕಿಚ್ಚಿಗೆ ಕೈಯಾರೆ ಹಾಳು ಮಾಡಿದ್ದಾರೆ ಎಂದ ತೇಜಿಮಲ್ಲ. ರಾಜ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದ. ನೂರಾರು ತೂತಿನಿಂದ ಬೆಳಕು ಸೋಸಿ ಬಂತು. ಕೈ ಎಲೆಯನ್ನು ಹರಿಯುತ್ತದೆ, ಹೀಗೆ ಕೊರೆಯುವುದಿಲ್ಲ ಎಂದ.

ತೇಜಿಮಲ್ಲನಿಗೆ ಉಳಿದದ್ದು ಒಂದೇ ಮಾತು, ಅದು ನಿಜವಾದ ಮಾತು, ಅದನ್ನೇ ಅವನು ಆಡುವ ಹಾಗಿರಲಿಲ್ಲ. ಆದರೂ ಬಾಯಿ ಜಾರಿತು. "ಹುಳ, ಮಹಾಸ್ವಾಮಿ. ಹುಳ ತಿಂದುಹಾಕಿತು."

ರಾಜ ಅವನನ್ನೇ ನೋಡಿದ. "ಈ ಬಯಲಲ್ಲಿ ಹುಳವಿಲ್ಲ ಅಂತ ತುಂಬಿದ ಸಭೆಯಲ್ಲಿ ಹೇಳಿದವನು ನೀನು. ಹುಳ ಇಲ್ಲವಾದರೆ ನೀನು ಮೈಗಳ್ಳ. ಹುಳ ಇದ್ದರೆ ನೀನು ಸುಳ್ಳ. ಎರಡರಲ್ಲಿ ಯಾವುದು, ನೀನೇ ಹೇಳು."

ತೇಜಿಮಲ್ಲ ಕುದುರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ತಿರುಗಿ ತಿರುಗಿ ನೋಡಿದ. ಈಗ ತಲೆ ಕೆರೆದುಕೊಳ್ಳುವ ಸರದಿ ಅವನದ್ದಾಗಿತ್ತು. ಊರವರು ನಗಲಿಲ್ಲ. ಸಣ್ಣೀರಪ್ಪನಿಗೆ ಅವನ ಮೇಲೆ ಕನಿಕರವೇ ಬಂತು. ಆ ಅವಸ್ಥೆ ಹೇಗಿರುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ರಾಜ ಎರಡು ಮಾತಿನ ತೀರ್ಪು ಕೊಟ್ಟ. ಹಿರೇಬಯಲು ಇಂದಿನಿಂದ ಊರವರದ್ದು. ತೇಜಿಮಲ್ಲ ಲಾಯ ಬಿಟ್ಟು ಇಳಿಯಬೇಕು. ಪ್ರತಿ ಸಾಸಿವೆ ಕಾಲದಲ್ಲಿ ಬಯಲಿನ ಅಂಚನ್ನು ಬರಿಗಾಲಲ್ಲಿ ಸುತ್ತಿ, ಬಗ್ಗಿ ನೋಡಿ, ಕಂಡದ್ದನ್ನು ಊರಿಗೆ ಬಂದು ಹೇಳಬೇಕು. ಮೊದಲ ವರ್ಷ ಅವನು ಸಿಡುಕುತ್ತಾ ಬಗ್ಗಿದನಂತೆ. ಆಮೇಲಾಮೇಲೆ ಎಣ್ಣೆ ಮೊರ ಎಳೆಯುವುದರಲ್ಲಿ ಅವನಷ್ಟು ಚುರುಕು ಯಾರೂ ಇರಲಿಲ್ಲವಂತೆ. ಅಂತೆ ಅಷ್ಟೇ, ನಾನು ಕಂಡಿಲ್ಲ.

ಸಣ್ಣೀರಪ್ಪ ಬದಲಾಗಿಬಿಟ್ಟನೇ ಅಂತ ಕೇಳುತ್ತೀರಿ. ಅಷ್ಟೊಂದೇನಿಲ್ಲ. ಎರಡು ಎತ್ತಿನಲ್ಲಿ ಯಾವುದು ಕೊಳ್ಳಲಿ ಅಂತ ಸಂತೆಯಲ್ಲಿ ದಿನಗಟ್ಟಲೆ ನಿಲ್ಲುತ್ತಿದ್ದ. ಆದರೆ ಯಾರಾದರೂ ಬಂದು ಹೀಗಂತೆ ಹಾಗಂತೆ ಅಂದರೆ, ಹೌದು ಅನ್ನುತ್ತಿರಲಿಲ್ಲ, ಅಲ್ಲ ಅನ್ನುತ್ತಿರಲಿಲ್ಲ. "ನೋಡೋಣ" ಅನ್ನುತ್ತಿದ್ದ. ಬೇರೆ ಊರಿನಲ್ಲಿ ನೋಡೋಣ ಅಂದರೆ ಆ ಕೆಲಸ ಆಗುವುದಿಲ್ಲ ಅಂತ ಅರ್ಥ. ಆ ಊರಿನಲ್ಲಿ ನೋಡೋಣ ಅಂದರೆ, ಚಪ್ಪಲಿ ಮೆಟ್ಟಿ ಹೊರಟ ಅಂತ ಅರ್ಥ.

ಕೇಳಿದಿರಲ್ಲ. ಕಾಣದೆ ಹೇಳಿದವನ ಮಾತು, ಕಾಣದೆ ಕೇಳಿದವನ ಕಿವಿ, ಎರಡೂ ಸೇರಿದರೆ ಬೆಳೆದ ಹೊಲವೂ ಬಯಲು. ಹಗೆ ಎಷ್ಟೇ ಚಿಕ್ಕದಿರಲಿ, ಮೊದಲು ಬಗ್ಗಿ ನೋಡು. ಎಲ್ಲಿಂದ ಬಂತು, ಏನು ತಿಂತು, ಎಷ್ಟು ತಿಂತು ಅಂತ ತಿಳಿ. ಆಮೇಲೆ ಕೈ ಎತ್ತು. ಈಗ ಏಳಿ, ನೆಲಗಡಲೆ ಸಿಪ್ಪೆ ಗುಡಿಸಿ ಮನೆಗೆ ನಡೆಯಿರಿ.